ಮೊಳವೂ ಮೊಲವೂ

ಹೂವಿನಂಗಡಿಗಳಿಗೆ ಆರ್ಡರ್ ಮುಟ್ಟಿಸುವ ಒಂದು ಆ್ಯಪಿಗೆ ಹೊಸದಾಗಿ ಮೈಕೊಂದು ಬಂತು. ಗಿರಾಕಿ ಬಾಯಲ್ಲಿ ಹೇಳಿದ್ದನ್ನು ಅದೇ ಬರೆದು ಅಂಗಡಿಗೆ ಕಳಿಸುತ್ತಿತ್ತು. ಆದರೆ ಹೊಸದನ್ನು ಯಾರಿಗೆ ತೆರೆಯಬೇಕು, ಯಾರಿಗೆ ಮುಚ್ಚಬೇಕು ಎಂದು ನೋಡಿಕೊಳ್ಳುವ ಆ್ಯಪಿನ ಸ್ವಿಚ್ಚು ಅದನ್ನು ಮೂಲೆಯ ಹೂವಿನಂಗಡಿಯ ಪುಟ್ಟಗೌರಮ್ಮನ ಗಿರಾಕಿಗಳಿಗೆ ಮಾತ್ರ ತೆರೆದು, ಊರಿನ ಉಳಿದವರಿಗೆಲ್ಲ ಮುಚ್ಚಿಯೇ ಇಟ್ಟಿತ್ತು.

ಮೈಕಿಗೆ ಸಿಟ್ಟು ನೆತ್ತಿಗೇರಿತು. "ಏನಯ್ಯಾ ಸ್ವಿಚ್ಚೇ, ನಾಳೆ ಊರ ತುಂಬ ಮದುವೆ. ನನ್ನಂಥವನನ್ನು ಒಂದು ಮೂಲೆಯಂಗಡಿಯಲ್ಲಿ ಕೂರಿಸಿದ್ದೀಯಲ್ಲ, ನಿನಗೇನು ಹೊಟ್ಟೆಕಿಚ್ಚೋ?"

"ನಾಳೆ ಮದುವೆ ಇರುವುದಕ್ಕೇ ಕೂರಿಸಿದ್ದೇನೆ. ಮೊದಲು ನಾಲ್ಕು ಜನರ ಮಾತು ಸರಿಯಾಗಿ ಕೇಳಿಸಿಕೋ" ಎಂದಿತು ಸ್ವಿಚ್ಚು.

ಅಷ್ಟರಲ್ಲಿ ಮದುವೆ ಹೆಣ್ಣಿನ ತಾಯಿಯೊಬ್ಬರು, "ಹತ್ತು ಮೊಳ ಮಲ್ಲಿಗೆ, ಮುಹೂರ್ತಕ್ಕೆ ಮುಂಚೆ ಬೇಕು" ಎಂದರು. ಪುಟ್ಟಗೌರಮ್ಮನ ಫೋನಿನಲ್ಲಿ "ಹತ್ತು ಮೊಲ" ಎಂದು ಬಂತು.

"ಅಯ್ಯೋ ನಿನ್ನ! ನಾನು ಇಟ್ಟಿರೋದು ಹೂವಿನಂಗಡಿಯೋ ಮೃಗಾಲಯವೋ?" ಎಂದು ಆಕೆ ಕೂಗಿದ್ದೇ ತಡ, ಸ್ವಿಚ್ಚು ಮೈಕನ್ನು ಟಕ್ಕನೆ ಮುಚ್ಚಿತು. ಪುಟ್ಟಗೌರಮ್ಮ ಫೋನು ಮಾಡಿ ವಿಚಾರಿಸಿದ ಮೇಲೆ ಆ ತಾಯಿ ಹಳೆಯ ಹಾಗೆ ಬೆರಳಲ್ಲೇ ಬರೆದು ಕಳಿಸಿದರು.

"ಆಯಮ್ಮ ನಾಲಿಗೆ ಹೊರಳಿಸಲಿಲ್ಲ, ತಪ್ಪು ನನ್ನದಲ್ಲ!" ಎಂದು ಮೈಕು ಹಾರಾಡಿತು.

"ಗಿರಾಕಿಯ ಮೇಲೆ ಹಾಕಬೇಡ. ಇಡೀ ಊರಿಗೆ ನಿನ್ನನ್ನು ತೆರೆದಿದ್ದರೆ ಮದುವೆ ಹೆಣ್ಣುಗಳ ಜಡೆಗೆಲ್ಲ ಮೊಲ ಮುಡಿಸುತ್ತಿದ್ದೆಯಾ?"

"ನನ್ನ ಮರ್ಯಾದೆ ಹೋಯಿತಲ್ಲ!"

"ಒಂದು ಅಂಗಡಿಯಲ್ಲಿ ಹೋಗಿದೆ, ಊರಿನಲ್ಲಿ ಇನ್ನೂ ಉಳಿದಿದೆ" ಎಂದಿತು ಸ್ವಿಚ್ಚು. "ಹೋಗಿ ಕಲಿತು ಬಾ. ಮತ್ತೆ ಪುಟ್ಟಗೌರಮ್ಮನ ಅಂಗಡಿಯಿಂದಲೇ ಶುರು."