ಗುಂಡಮ್ಮ ಟೀಚರ್ ಮಾಡಿದ ಗೋಳದ ಪಾಠ

ದನ ಮೇಯುವ ಗುಡ್ಡದ ಮೇಲೆ ಸಗಣಿ ಹುಳುಗಳ ಶಾಲೆಯೊಂದಿತ್ತು. ಅಲ್ಲಿ ಗುಂಡಮ್ಮ ಟೀಚರ್ ರೇಖಾಗಣಿತ ಹೇಳಿಕೊಡುತ್ತಿದ್ದರು. ಗೋಳದ ಪಾಠ ಬಂದ ದಿನ ಅವರು ಮಕ್ಕಳಿಗೆ, "ಬಾಯಿಪಾಠ ಬೇಡ. ಒಬ್ಬೊಬ್ಬರೂ ಒಂದೊಂದು ಉಂಡೆ ಕಟ್ಟಿ ಉರುಳಿಸಿ ನೋಡಿ. ಅಡ್ಡಾದಿಡ್ಡಿ ಹೋದರೆ ಎಲ್ಲಿ ಉಬ್ಬಿದೆ ಅಂತ ಹುಡುಕಿ ತಿದ್ದಿ" ಎಂದರು. ಮಕ್ಕಳು ಕುಣಿಯುತ್ತಾ ಹೋಗಿ ಸಗಣಿಗೆ ಮುಗಿಬಿದ್ದವು.

ಮಧ್ಯಾಹ್ನದ ಹೊತ್ತಿಗೆ ಶಾಲೆಯ ತನಿಖೆಗೆ ನವಿಲು ಸಾಹೇಬರು ಬಂದರು. ಇಳಿಜಾರಿನ ಬುಡದಲ್ಲೇ ನಿಂತು, ರೆಕ್ಕೆಯಿಂದ ಕೊಕ್ಕು ಮುಚ್ಚಿಕೊಂಡು ಕೂಗಿದರು: "ಏನಮ್ಮ ಈ ಹೊಲಸು? ಗೋಳ ಎಂದರೇನು, ಮಕ್ಕಳು ಹೇಳಲಿ."

"ಯಾವ ಕಡೆಗೆ ತಳ್ಳಿದರೂ ಒಂದೇ ಸಮ ಉರುಳೋದು ಸಾರ್" ಎಂದಿತು ಒಂದು ಮರಿ.

"ತಪ್ಪು! ಕೇಂದ್ರದಿಂದ ಸಮಾನ ದೂರದಲ್ಲಿರುವ ಎಲ್ಲ ಬಿಂದುಗಳ ಮೇಲ್ಮೈಯೇ ಗೋಳ. ಅದನ್ನು ಬರೆಸಿ. ಆ ಉಂಡೆಗಳನ್ನೆಲ್ಲ ಈಗಲೇ ಆಚೆ ತಳ್ಳಿಸಿ!"

ಮಕ್ಕಳ ಮುಖ ಬಾಡಿತು. ಗುಂಡಮ್ಮ ಮಾತ್ರ ವಿನಯದಿಂದ, "ಈಗಲೇನಾ ಸಾರ್? ತಾವು ಕೆಳಗೇ ನಿಂತಿದ್ದೀರಿ" ಎಂದರು.

"ಹೇಳಿದಷ್ಟು ಮಾಡಮ್ಮ!"

ಟೀಚರ್ ತಲೆಯಾಡಿಸಿದರು, ಮಕ್ಕಳು ತಳ್ಳಿದವು. ಉಂಡೆಗಳು ಚೂರೂ ಓರೆಯಾಗದೆ ನೆಟ್ಟಗೆ ಇಳಿದವು. ಓಡಲು ತಿರುಗಿದ ಸಾಹೇಬರ ಬಾಲದ ಕಣ್ಣುಕಣ್ಣಿಗೂ ಸಗಣಿ ಮೆತ್ತಿತು.

ಒಂದು ಉಂಡೆ ಮಾತ್ರ ಅರ್ಧ ದಾರಿಯಲ್ಲೇ ಅಡ್ಡ ತಿರುಗಿ ನಿಂತಿತು. ಅದನ್ನು ಕಟ್ಟಿದ ಮರಿ ಓಡಿಬಂದು, ಉಬ್ಬಿದ ಕಡೆ ತಟ್ಟಿ ತಟ್ಟಿ ಸರಿಮಾಡುತ್ತಾ ಕೂಗಿಕೊಂಡಿತು: "ಸಾರ್, ಹೋಗಬೇಡಿ! ನನ್ನದನ್ನು ನೀವಿನ್ನೂ ನೋಡಿಲ್ಲ!"