ತವರಿನಿಂದ ತಂದ ಬಾಳೆಕಂದು

ಹಿತ್ತಿಲಿನಲ್ಲಿ ಗುರುಗಳು ತಮ್ಮ ಕೈಯಾರೆ ನೆಟ್ಟಿದ್ದ ಬಾಳೆಗಳಿಗೆ ನೀರು ಬಿಟ್ಟು ಬಂದ ಶಿಷ್ಯ, ಕೈಕಾಲು ತೊಳೆದು ಅವರ ಮುಂದೆ ಕುಳಿತು ಕೇಳಿದ: “ಗುರುಗಳೇ, ಕಂಡದ್ದನ್ನು ಹೇಳಿದರೆ ಬೇಕಾದವರ ಮನಸ್ಸು ನೋಯುತ್ತದೆ ಎಂದಾದರೆ, ಹೇಳದೆ ಇರುವುದೇ ಮೇಲಲ್ಲವೇ?”

ಗುರುಗಳು ಹೇಳಿದರು:

ಒಬ್ಬ ರೈತನ ಮಗಳು ಮದುವೆಯಾಗಿ, ಬಾಳೆಯನ್ನೇ ನಂಬಿ ಬದುಕುವ ಒಂದು ಊರಿಗೆ ಹೋದಳು. ಹೊರಡುವಾಗ ಅಪ್ಪ ತನ್ನ ತೋಟದ ಬಾಳೆಕಂದೊಂದನ್ನು ಅವಳ ಮಡಿಲಿಗೆ ಹಾಕಿ ಹರಸಿದ. ಬೇರಿಗೆ ಅಂಟಿದ್ದ ಮಣ್ಣನ್ನೂ ಉದುರಿಸಲಿಲ್ಲ. ತವರಿನ ಮಣ್ಣಲ್ಲವೇ! ಅವಳು ಅದನ್ನು ಗಂಡನ ತೋಟದಲ್ಲಿ, ಕಾಲುವೆ ನೀರು ಮೊದಲು ಹಾಯುವ ಕಡೆ ನೆಟ್ಟಳು.

ಗಿಡ ಎದೆಯೆತ್ತರ ಬಂದಾಗ ಕೆಳಗಿನ ಎಲೆಯೊಂದರ ಅಂಚು ಹಳದಿಗೆ ತಿರುಗಿತು. ಬಿಸಿಲಿಗೆ ಬಂದ ಹಳದಿ ಅದಲ್ಲ. ಬಾಳೆಯ ನಡುವೆಯೇ ಹುಟ್ಟಿ ಬೆಳೆದ ಅವಳು ಅಂಥದ್ದನ್ನು ಎಂದೂ ಕಂಡಿರಲಿಲ್ಲ. ಗಂಡನಿಗೆ ತೋರಿಸೋಣ ಎಂದುಕೊಂಡಳು. ಆದರೆ ಊರವರು ಏನೆಂದಾರು? ಮಗಳ ಜೊತೆ ರೋಗವನ್ನೂ ಕಳಿಸಿಕೊಟ್ಟರು ಎನ್ನುವುದಿಲ್ಲವೇ? ನೋಡಪ್ಪ, ಹೆಣ್ಣುಮಕ್ಕಳು ತಮ್ಮನ್ನು ಬೈದರೆ ಹೇಗೋ ನುಂಗಿಕೊಳ್ಳುತ್ತಾರೆ, ತವರನ್ನು ಬೈದರೆ ಆಗದು. ಅವಳು ಆ ಎಲೆಯನ್ನು ಕೊಯ್ದು ಹೂತಳು. ಇನ್ನೊಂದು ಹಳದಿಯಾಯಿತು, ಅದನ್ನೂ ಹೂತಳು. ಹಾಗಾಗಿ ಗಿಡ ಯಾವಾಗಲೂ ಹಸಿರಾಗಿಯೇ ಕಂಡಿತು. ಅದು ಚೆನ್ನಾಗಿದೆಯೆಂದು ನೆರೆಹೊರೆಯವರು ಕಂದು ಕೇಳಿ ಒಯ್ದರು. ಬೇಡ ಎನ್ನಲು ಪಾಪ, ಅವಳಿಗೆ ಬಾಯಿ ಬರಲಿಲ್ಲ.

ಮುಂದಿನ ವರ್ಷ ಊರಿನ ತೋಟಗಳೆಲ್ಲ ಸೊರಗಿ ಮಲಗಿದವು. ರೋಗ ಬಲ್ಲವನೊಬ್ಬನನ್ನು ಕರೆಸಿದರು. ಅವನು ಒಂದು ಬಾಳೆಯನ್ನು ಸೀಳಿ ನೋಡಿದ. ಒಳಗೆಲ್ಲ ಕೆಂಪು ಎಳೆಗಳು. “ಮೊದಲ ಎಲೆ ಹಳದಿಯಾದಾಗಲೇ ಆ ಒಂದು ಗಿಡ ಕಿತ್ತು ಸುಟ್ಟಿದ್ದರೆ ಸಾಕಿತ್ತು. ಇನ್ನು ಈ ಮಣ್ಣಲ್ಲಿ ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಬಾಳೆ ಏಳೋದಿಲ್ಲ” ಎಂದು ಹೇಳಿ ಹೊರಟುಹೋದ.

ಆ ಸಂಜೆ ಸೊಸೆ ಅತ್ತೆಯ ಕಾಲು ಹಿಡಿದು ಅತ್ತಳು. “ಅತ್ತೆ, ಇದು ನನ್ನ ತವರಿಂದ ಬಂದದ್ದು. ನಾನು ಮೊದಲೇ ಕಂಡಿದ್ದೆ, ಬಾಯಿ ಬಿಡಲಿಲ್ಲ.”

ಅತ್ತೆ ಅವಳನ್ನು ಎತ್ತಿ ಪಕ್ಕದಲ್ಲಿ ಕೂರಿಸಿಕೊಂಡಳು. “ನಾನೂ ಕಂಡಿದ್ದೆ ಮಗಳೇ. ನೀನು ಎಲೆ ಹೂಳೋದನ್ನೂ ಕಂಡಿದ್ದೆ. ಹೊಸದಾಗಿ ಬಂದ ಹುಡುಗಿ, ನೊಂದುಕೊಳ್ತಾಳೆ ಅಂತ ಸುಮ್ಮನಿದ್ದೆ.”

ಕತೆ ಮುಗಿಸಿದ ಗುರುಗಳು ಹಿತ್ತಿಲ ಕಡೆಗೊಮ್ಮೆ ನೋಡಿ ಕೇಳಿದರು: “ನಮ್ಮ ಬಾಳೆಯ ಹಳದಿ ಎಲೆಗಳನ್ನು ನೀನು ಎಲ್ಲಿ ಹೂಳುತ್ತಿದ್ದೀಯ?”

ಶಿಷ್ಯ ಹಿತ್ತಿಲಿನ ಮೂಲೆಯತ್ತ ಕೈ ತೋರಿಸಿದ.