ದುಗ್ಗವ್ವ ಅಗಿದ ವೀಳ್ಯ

ಬಹಳ ಹಿಂದೆ, ನಮ್ಮಜ್ಜಿಯ ಅಜ್ಜಿಗೂ ಅದು ಹಳೇ ಮಾತೇ ಆಗಿದ್ದ ಕಾಲದಲ್ಲಿ, ಹೊಳೆಯ ಈಚೆ ದಂಡೆಗೆ ಸಿರಗೋಡು ಅಂತ ಒಂದು ಊರಿತ್ತಂತೆ. ಆ ಊರಲ್ಲಿ ದುಗ್ಗವ್ವ ಅನ್ನೋ ಎಲೆಗಾರ್ತಿ ಇದ್ದಳಂತೆ. ವೀಳ್ಯದೆಲೆ ಬಳ್ಳಿ ಬೆಳೆಸೋದು, ಬೆಳಗಾದರೆ ಎಲೆ ಕೊಯ್ದು ಕೋಟೆಗೆ ಹೊರೋದು, ಇಷ್ಟೇ ಅವಳ ಬದುಕು. ಎಲೆಯ ಬೆನ್ನು ಸವರಿದರೆ ಸಾಕು, ಯಾವ ತೋಟದ್ದು, ಯಾರು ಕೊಯ್ದಿದ್ದು, ಕೊಯ್ದವರಿಗೆ ಅವತ್ತು ಮೈ ಹುಷಾರಿತ್ತೋ ಇಲ್ಲವೋ, ಎಲ್ಲ ಹೇಳುತ್ತಿದ್ದಳಂತೆ. ಕೊನೆಯದು ಸುಳ್ಳಿರಬಹುದು. ಆದರೂ ಹೇಳುತ್ತಾರೆ.

ಸಿರಗೋಡನ್ನು ಆಳುತ್ತಿದ್ದವಳು ಮುದಿ ರಾಣಿ ಹಾಲಾಂಬೆ. ಹೊಳೆಯಾಚೆ ಬೆಣಚಗಲ್ಲು, ಅದು ಬೇರೆ ರಾಜ್ಯ. ರಾಜ್ಯ ಬೇರೆಯಾದರೂ ಹೆಣ್ಣು ಕೊಟ್ಟು ತರೋ ನಂಟು. ದುಗ್ಗವ್ವನ ಒಬ್ಬಳೇ ಮಗಳು ಸಾತವ್ವನನ್ನೂ ಆಚೆಗೇ ಕೊಟ್ಟಿತ್ತು.

ಒಂದು ವರ್ಷ ಬೆಣಚಗಲ್ಲಿನ ಜನ ತಮ್ಮ ದೊರೆಯ ಕಾಟ ತಾಳಲಾರದೆ ತಿರುಗಿಬಿದ್ದರಂತೆ. ದೊರೆ ಹೊಳೆ ದಾಟಿ ಬಂದು ಸಿರಗೋಡಿನ ಕೋಟೆ ಸೇರಿಕೊಂಡ. ಮರೆಹೊಕ್ಕವನನ್ನು ಹಾಲಾಂಬೆ ಹೊರಗೆ ಹಾಕಲಿಲ್ಲ. ಆಚೆ ಕೆಂಚನಾಯಕ ಅನ್ನೋ ದಳಪತಿ ಗದ್ದಿಗೆ ಹತ್ತಿದ. ಅವನನ್ನು ದೊರೆ ಅಂತ ಇವರು ಒಪ್ಪಲಿಲ್ಲ. ನಮ್ಮ ಶತ್ರುವಿಗೆ ಅನ್ನ ಹಾಕುತ್ತಿದ್ದಾರೆ ಅಂತ ಅವರು ಹಲ್ಲು ಕಡಿದರು. ಹರಿಗೋಲುಗಳನ್ನು ಎರಡೂ ದಂಡೆಯಲ್ಲಿ ಬೋರಲು ಹಾಕಿದರು. ನೀರಿಗೆ ಕಾಲಿಟ್ಟವರಿಗೆ ಬಾಣ.

ಆಗ ಸಾತವ್ವನಿಗೆ ಎಂಟು ತಿಂಗಳು ತುಂಬಿತ್ತು. ಚೊಚ್ಚಲು ಬಸುರಿ, ತವರಿಗೆ ಬರಬೇಕು. ಬರೋದು ಹೇಗೆ? ದುಗ್ಗವ್ವ ದಿನಾ ಈ ದಂಡೆಗೆ ಬಂದು ನಿಲ್ಲುತ್ತಿದ್ದಳಂತೆ, ಮಗಳು ಆ ದಂಡೆಗೆ ಬಂದು ನಿಲ್ಲುತ್ತಿದ್ದಳಂತೆ. ಮಾತು ಮುಟ್ಟದಷ್ಟು ಅಗಲದ ಹೊಳೆ. ಸೆರಗು ಬೀಸೋದು, ಹೋಗೋದು. ಹೊಟ್ಟೆ ದಿನದಿನಕ್ಕೆ ಇಳಿಯುತ್ತಿರೋದು ತಾಯಿಗೆ ಈಚೆಯಿಂದಲೇ ಕಾಣುತ್ತಿತ್ತಂತೆ.

ಹೀಗಿರುವಾಗ ಒಂದು ಬೆಳಗ್ಗೆ ಆಚೆಯಿಂದ ಬಿಳಿ ಬಟ್ಟೆ ಕಟ್ಟಿದ ಹರಿಗೋಲು ಬಂತು. ಬಂದವನು ವೀಳ್ಯದ ತಟ್ಟೆಯನ್ನು ರಾಣಿಯ ಮುಂದಿಟ್ಟು, ಕೈಮುಗಿದು ಹೋದ. ವೀಳ್ಯ ತಂದವನು ಬಾಯಿ ಬಿಡಬಾರದು ಅಂತ ಕಟ್ಟಳೆ. ಮುಸುಕು ಸರಿಸಿ ನೋಡಿದರೆ, ಒಂದು ಎಲೆಗೂ ತೊಟ್ಟಿಲ್ಲ!

ಆ ಕಾಲದ ಇನ್ನೊಂದು ಕಟ್ಟಳೆ ಕೇಳಿ. ತೊಟ್ಟಿರೋ ಎಲೆ ಕಳಿಸಿದರೆ ಸ್ನೇಹ. ತೊಟ್ಟು ಮುರಿದು ಕಳಿಸಿದರೆ ರಣವೀಳ್ಯ, ಯುದ್ಧಕ್ಕೆ ಕರೆ. ಅದನ್ನು ಮೊದಲು ಯಾರು ಬಾಯಿಗೆ ಹಾಕುತ್ತಾರೋ ಅವರೇ ದಂಡಿಗೆ ಮುಂದಾಳು. ಅವರು ಹೊಳೆಗಿಳಿಯದೆ ಮಿಕ್ಕವರು ಇಳಿಯೋ ಹಾಗಿಲ್ಲ.

"ನಾನು ಹೇಳಲಿಲ್ಲವೇ ತಾಯಿ, ಅವನ ಬುದ್ಧಿಯೇ ಇಷ್ಟು" ಅಂತ ಓಡಿಬಂದಿದ್ದ ದೊರೆ ಹಿಗ್ಗಿದ. ನಗಾರಿ ಹೊರಗೆ ಬಂತು. ದಳವಾಯಿ ಮೀಸೆ ಸವರಿಕೊಂಡು ತಟ್ಟೆಗೆ ಕೈ ಚಾಚಿದ.

ಬುಟ್ಟಿ ಇಳಿಸೋಕೆ ಬಂದಿದ್ದ ದುಗ್ಗವ್ವ ಅಲ್ಲೇ ನಿಂತಿದ್ದಳು. ಅವಳ ಕಣ್ಣು ಎಲೆಯ ಮೇಲೆ. ತೊಟ್ಟು ಕತ್ತಿಯಲ್ಲಿ ಕೊಯ್ದಿದ್ದಲ್ಲ, ಉಗುರಲ್ಲಿ ಚಿವುಟಿದ್ದು. ತುದಿಯನ್ನೂ ಚಿವುಟಿದೆ. ಬೆನ್ನಿನ ನಾರನ್ನೂ ಬಿಡಿಸಿದೆ.

"ತಾಯಿ, ಇದು ಜಗಳದ ಎಲೆ ಅಲ್ಲ. ಜಗಳಕ್ಕೆ ಬಂದೋನು ಕೂತ್ಕೊಂಡು ನಾರು ಬಿಡಿಸ್ತಾನಾ?"

"ಓಹೋ, ಎಲೆ ಮಾರೋಳು ನಮಗೆ ರಾಜ್ಯಭಾರ ಕಲಿಸ್ತಾಳೆ" ಅಂತ ದಳವಾಯಿ ನಕ್ಕ. "ಬುಟ್ಟಿ ಇಳಿಸಿ ನಡಿಯವ್ವ."

"ಕಲಿಸಲ್ಲಪ್ಪ" ಅಂದಳಂತೆ ದುಗ್ಗವ್ವ. ಅಂದವಳೇ ತಟ್ಟೆಗೆ ಕೈ ಹಾಕಿ ಎಲೆ ತೆಗೆದು ಬಾಯಿಗಿಟ್ಟುಕೊಂಡಳಂತೆ.

ಉಗುಳು, ಉಗುಳು ಅಂತ ಎಲ್ಲರೂ ಕೂಗಿದರಂತೆ. ಅವಳು ಅಗಿಯುತ್ತಲೇ ಇದ್ದಳಂತೆ.

ರಾಣಿ ಹೇಳಿದಳು. "ಕಟ್ಟಳೆ ಕಟ್ಟಳೆಯೇ. ನೀನೇ ಮುಂದಾಳು, ದುಗ್ಗವ್ವ. ಹೊತ್ತು ನೆತ್ತಿಗೆ ಬರೋದರೊಳಗೆ ಆಚೆಯಿಂದ ತೊಟ್ಟಿರೋ ಎಲೆ ಬರಬೇಕು. ಬರಲಿಲ್ಲ ಅಂದರೆ ದಂಡು ನಿನ್ನ ಹಿಂದೆಯೇ ಇಳಿಯುತ್ತೆ."

ದುಗ್ಗವ್ವ ಬುಟ್ಟಿಯನ್ನು ತಲೆಗೇರಿಸಿ ಹೊಳೆಗಿಳಿದಳು. ಹಿಂದೆ ಈಟಿ, ಮುಂದೆ ಬಿಲ್ಲು. ಮೊಣಕಾಲಿಗೆ ನೀರು, ಸೊಂಟಕ್ಕೆ ನೀರು, ಎದೆಗೆ ನೀರು. ಆಚೆಯಿಂದ ಒಂದು ಬಾಣ ಬಂದು ಬುಟ್ಟಿಗೆ ನೆಟ್ಟಿತಂತೆ. ಏಳು ಬಾಣ ಅಂತ ನಮ್ಮ ಸೋದರತ್ತೆ ಹೇಳುತ್ತಿದ್ದಳು. ನಾನು ಒಂದು ಅಂತಲೇ ಕೇಳಿದ್ದು. ಅಷ್ಟರಲ್ಲಿ ತುಂಬು ಬಸುರಿಯೊಬ್ಬಳು ಬಿಲ್ಲುಗಾರರ ಮುಂದೆ ಬಂದು ನಿಂತು, "ಬಿಡ್ರೋ, ಮೊದಲು ನನಗೆ ಬಿಡ್ರೋ ಬಾಣವ! ಅವಳು ನಮ್ಮವ್ವ!" ಅಂತ ಕಿರುಚಿದಳಂತೆ. ಬಿಲ್ಲು ಇಳಿದವು.

ದುಗ್ಗವ್ವ ದಡ ಹತ್ತಿದಳು. ಮಗಳನ್ನು ತಬ್ಬಲಿಲ್ಲ. ಹೊತ್ತು ಏರುತ್ತಿತ್ತು. ಕೆಂಚನಾಯಕ ಎಲ್ಲಿ ಅಂದಳು. ಅವನು ಬಂದ.

"ಆ ಎಲೆ ಹೊಂದಿಸಿದ್ದು ಯಾರಪ್ಪ?"

"ನಾನೇ. ಯಾಕವ್ವ? ನಿಮ್ಮ ರಾಣಿಗೆ ಹಲ್ಲಿಲ್ಲ ಅಂತ ಕೇಳಿದ್ದೆ. ನಮ್ಮಜ್ಜಿಗೆ ಹಂಗೇ ಮಾಡಿಕೊಡ್ತಿದ್ದೆ, ತೊಟ್ಟು ತೆಗೆದು, ನಾರು ಬಿಡಿಸಿ."

ತೊಟ್ಟಿನ ಕಟ್ಟಳೆ ಬಲ್ಲ ಅರಮನೆಯವರೆಲ್ಲ ಹಳೇ ದೊರೆಯ ಜೊತೆಗೇ ಓಡಿಹೋಗಿದ್ದರು. ಕೆಂಚನಾಯಕನಿಗೆ ಹೇಳೋರು ಯಾರು? ದುಗ್ಗವ್ವ ಹೇಳಿದಳು. ಅವನ ಮುಖ ಬಿಳಿಚಿತಂತೆ. ಅವಳ ಬುಟ್ಟಿಯಿಂದಲೇ ತೊಟ್ಟಿರೋ ಎಲೆ ಆರಿಸಿದ. ಕಳಿಸೋಕೆ ಹೊತ್ತಿಲ್ಲ ಅಂತ ಕತ್ತಿ ಬಿಚ್ಚಿ ದಂಡೆಯಲ್ಲಿಟ್ಟು ತಾನೇ ನೀರಿಗಿಳಿದ. ಅವನು ನಡುಹೊಳೆಯಲ್ಲಿದ್ದಾಗಲೇ ಹೊತ್ತು ನೆತ್ತಿಗೆ ಬಂದಿತ್ತಂತೆ. ಈಚೆ ದಳವಾಯಿ ನಗಾರಿಗೆ ಕೋಲೆತ್ತಿದ್ದನಂತೆ. ಎತ್ತಿದ ಕೋಲನ್ನು ರಾಣಿ ಹಿಡಿದುಕೊಂಡಳಂತೆ.

ಅವನು ನೀರು ಸುರಿಸುತ್ತಾ ಬಂದು ಎಲೆ ಚಾಚಿದ. "ನನಗೆ ಹಲ್ಲಿಲ್ಲ ಅಂದೋನು ಯಾರೋ?" ಅಂತ ಕೇಳಿದಳಂತೆ ರಾಣಿ, ಇದ್ದ ಎರಡು ಹಲ್ಲು ತೋರಿಸಿ. ಆದರೆ ಎಲೆ ಮುಟ್ಟಲಿಲ್ಲ. ಮರೆಹೊಕ್ಕವನನ್ನು ಕೊಡೋದಿಲ್ಲ ಅಂದಳು. ಇಟ್ಟುಕೊಳ್ಳಿ, ಅನ್ನ ಹಾಕಿ, ಅವನನ್ನು ದೊರೆ ಅನ್ನಬೇಡಿ ಅಷ್ಟೇ ಅಂದ ಅವನು. ರಾಣಿ ಮರೆಹೊಕ್ಕಿದ್ದವನ ಕಡೆ ತಿರುಗಿ ಅವನ ಮುಖ ನೋಡಿದಳು. ಆಮೇಲೆ ಎಲೆ ತೆಗೆದುಕೊಂಡಳು.

ಅವತ್ತೇ ಹರಿಗೋಲು ನೀರಿಗೆ ಬಿದ್ದವು. ಮೊದಲನೆಯದರಲ್ಲಿ ಸಾತವ್ವ ತವರಿಗೆ ಬಂದಳು. ಮೂರನೇ ದಿನಕ್ಕೆ ಹೆತ್ತಳು ಅಂತಾರೆ.

ಈಗ ಕೋಟೆಯೂ ಇಲ್ಲ, ಆ ರಾಜ್ಯಗಳೂ ಇಲ್ಲ. ಆದರೆ ಇವತ್ತಿಗೂ ಆಚೆ ದಂಡೆಯಿಂದ ಬೀಗರು ತಾಂಬೂಲದ ತಟ್ಟೆ ತಂದರೆ, ನಮ್ಮ ಕಡೆಯ ಹಿರಿಯ ಹೆಂಗಸೊಬ್ಬಳು ಮುಂದೆ ಬಂದು, ಎಲೆ ಹೊಂದಿಸಿದ್ದು ಯಾರು ಅಂತ ಕೇಳಬೇಕು. ಹೊಂದಿಸಿದವರು ಎಲ್ಲಿದ್ದರೂ ಎದ್ದು ಬಂದು, ನಾನೇ ಅನ್ನಬೇಕು. ಅಲ್ಲಿವರೆಗೆ ಯಾರೂ ಸಿಟ್ಟಾಗೋ ಹಾಗಿಲ್ಲ.